ಗಿರಣಿ ಮನೆಗೆ ಬಂತು, ಗಂಟೆ ಬರಲಿಲ್ಲ

ಕಳೆದ ವಾರ ನಮ್ಮ ಪಕ್ಷದ ಕಚೇರಿಗೆ ಹಿರಿಯರೊಬ್ಬರು ಬಂದರು. ನೂಲಿನ ಖಾತೆಯಲ್ಲಿ ಇಪ್ಪತ್ತೆಂಟು ವರ್ಷ ನಿಂತು ದುಡಿದವರು. ಗಿರಣಿಗೆ ಬೀಗ ಬಿದ್ದ ಮೇಲೆ ಬಾಕಿ ಹಣಕ್ಕಾಗಿ ಕೋರ್ಟಿನ ಅಂಗಳದಲ್ಲಿ ಇನ್ನಷ್ಟು ವರ್ಷ ನಿಂತವರು. ಬೆಂಚು ತೋರಿಸಿದರೂ ಕೂರಲಿಲ್ಲ. “ಮೇಷ್ಟ್ರೇ, ನಾನು ನಿಂತು ನಿಂತು ಕಾಲು ಕೆಡಿಸಿಕೊಂಡೆ. ನನ್ನ ಮಗ ಕೂತು ಕೂತು ಕೆಡಿಸಿಕೊಳ್ತಾ ಇದಾನೆ. ಇದಕ್ಕೆ ಯಾರ ಮೇಲೆ ಅರ್ಜಿ ಹಾಕಬೇಕು, ಹೇಳಿ” ಎಂದರು.

ನಮಗೆ ಮೊದಲು ನಗು ಬಂತು. ಅವರು ನಗದಿದ್ದುದನ್ನು ಕಂಡು ನಾವೂ ಸುಮ್ಮನಾಗಿ ವಿಷಯ ಕೇಳಿದೆವು.

ಮಗ ಬೆಂಗಳೂರಿನ ಒಂದು ಕಂಪನಿಯ ನೌಕರ. 2020ರ ಮಾರ್ಚಿನಲ್ಲಿ ದೇಶಕ್ಕೆಲ್ಲ ಬೀಗ ಹಾಕಿದಾಗ ಕಂಪ್ಯೂಟರನ್ನು ಚೀಲದಲ್ಲಿಟ್ಟುಕೊಂಡು ಊರಿಗೆ ಬಂದ. ಬೀಗ ತೆಗೆದ ಮೇಲೂ ಕಂಪನಿ ಅವನನ್ನು ಹಿಂದಕ್ಕೆ ಕರೆಯಲಿಲ್ಲ. ಬಾಡಿಗೆಗೆ ಹಿಡಿದಿದ್ದ ಮಹಡಿಯನ್ನೇ ಬಿಟ್ಟುಕೊಟ್ಟು, ‘ಅಲ್ಲಿಂದಲೇ ಮಾಡು’ ಎಂದಿತು. ತಾಯಿಯ ಹೊಲಿಗೆ ಯಂತ್ರವಿದ್ದ ಪಡಸಾಲೆಯ ಮೂಲೆಯಲ್ಲಿ ಈಗ ಅವನ ಮೇಜು. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಚಹಾ ಅಲ್ಲಿಗೇ, ಊಟ ಅಲ್ಲಿಗೇ. ಅಮೆರಿಕದವರು ಎದ್ದು ಹಲ್ಲುಜ್ಜುವ ಹೊತ್ತಿಗೆ, ಅಂದರೆ ನಮಗೆ ರಾತ್ರಿಯಾದ ಮೇಲೆ, ಇನ್ನೊಂದು ಸುತ್ತು ಮಾತುಕತೆ. ಸೊಂಟ ಹಿಡಿಯಿತು, ಪಾದ ಬಾತವು, ಮೂವತ್ತೊಂದರ ವಯಸ್ಸಿಗೇ ರಕ್ತದಲ್ಲಿ ಸಕ್ಕರೆ ಕಾಣಿಸಿತು. ಡಾಕ್ಟರರು ಗುಳಿಗೆ ಬರೆದುಕೊಟ್ಟು, “ಗಂಟೆಗೊಮ್ಮೆ ಎದ್ದು ಐದು ನಿಮಿಷ ಓಡಾಡಪ್ಪ, ಅರ್ಧ ಔಷಧ ಅದೇ” ಎಂದರು.

ಹುಡುಗ ಎರಡು ದಿನ ಹಾಗೆಯೇ ಮಾಡಿದ. ಮೂರನೆಯ ದಿನ ಮೇಲಿನವರಿಂದ ಫೋನು: “ನಿನ್ನ ಬೊಟ್ಟು ಯಾಕೆ ಪದೇ ಪದೇ ಹಳದಿಯಾಗುತ್ತಿದೆ?”

ಈ ಬೊಟ್ಟಿನ ಮಹಿಮೆ ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿಯದಿರಬಹುದು. ನಮಗೂ ಆ ಹುಡುಗನೇ ತೋರಿಸಿಕೊಡಬೇಕಾಯಿತು. ಕಂಪ್ಯೂಟರಿನಲ್ಲಿ ನೌಕರನ ಹೆಸರಿನ ಪಕ್ಕದಲ್ಲಿ ಒಂದು ಹಸಿರು ಬೊಟ್ಟು ಇರುತ್ತದೆ. ಕೆಲವು ನಿಮಿಷ ಕೀಲಿಮಣೆ ಒತ್ತದಿದ್ದರೆ, ಮೌಸ್ ಅಲುಗಾಡಿಸದಿದ್ದರೆ ಅದು ತಾನಾಗಿಯೇ ಹಳದಿಗೆ ತಿರುಗುತ್ತದೆ. ಹಳದಿಯೆಂದರೆ ‘ಇವನು ಜಾಗದಲ್ಲಿಲ್ಲ’ ಎಂದು ಅರ್ಥ. ಅವನು ಕಿಟಕಿಯ ಬಳಿ ನಿಂತು ಕೆಲಸದ್ದೇ ಯೋಚನೆ ಮಾಡುತ್ತಿರಬಹುದು. ಬೊಟ್ಟಿಗೆ ಅದು ಗೊತ್ತಾಗದು. ನಮ್ಮ ಗಿರಣಿಗಳ ಜಾಬರುಗಳು ಎಂಥ ಗದರಿಕೆಯವರೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಆ ಜಾಬರ್ ಸಂಜೆ ಮನೆಗೆ ಹೋಗುತ್ತಿದ್ದ. ಈ ಹಳದಿ ಬೊಟ್ಟು ಪಡಸಾಲೆಯಲ್ಲೇ ಠಿಕಾಣಿ ಹೂಡಿದೆ.

‘ಪಕ್ಷದ ಪತ್ರಿಕೆಯಲ್ಲಿ ಅಂಗಸಾಧನೆಯ ಪಾಠವೇ?’ ಎಂದು ಕೆಲವು ಗೆಳೆಯರು ಈಗಾಗಲೇ ಹುಬ್ಬೇರಿಸಿದ್ದಾರೆ. ಬೆಲೆಯೇರಿಕೆ, ನಿರುದ್ಯೋಗ, ಭೂಮಿಯ ಪ್ರಶ್ನೆಗಳಿರುವಾಗ ಕೈಕಾಲು ಆಡಿಸುವ ಮಾತು ಹೊಟ್ಟೆ ತುಂಬಿದವರದೆಂಬುದು ಅವರ ಎಣಿಕೆ. ನಮ್ಮ ಅಭಿಪ್ರಾಯ ಬೇರೆ. ದುಡಿಯುವವನಿಗೆ ಇರುವ ಬಂಡವಾಳ ಈ ದೇಹವೊಂದೇ. ಯಂತ್ರಕ್ಕೆ ಎಣ್ಣೆ ಬಿಡಲು ಧನಿ ಹೊತ್ತು ಮಾಡಿಕೊಳ್ಳುತ್ತಾನೆ. ಆ ಹೊತ್ತನ್ನು ಉತ್ಪಾದನೆಯ ಖರ್ಚೆಂದು ಲೆಕ್ಕದಲ್ಲಿಯೂ ಬರೆಯುತ್ತಾನೆ. ಮನುಷ್ಯನ ಕೀಲುಗಳಿಗೆ ಬೇಕಾದ ಹೊತ್ತು ಯಾರ ಲೆಕ್ಕಕ್ಕೆ ಎಂಬುದು ನೂರಕ್ಕೆ ನೂರು ಕಾರ್ಮಿಕ ಪ್ರಶ್ನೆ.

ಇದು ಹೊಸದೂ ಅಲ್ಲ. 1884ರಲ್ಲಿ ಮುಂಬಯಿಯ ಗಿರಣಿಗಳಲ್ಲಿ ಬೆಳಕು ಹರಿದಾಗ ಶುರುವಾದ ದುಡಿಮೆ ಹೊತ್ತು ಮುಳುಗುವವರೆಗೆ ನಡೆಯುತ್ತಿತ್ತು. 1881ರ ಕಾಯಿದೆ ಮಕ್ಕಳ ವಿಷಯವನ್ನಷ್ಟೇ ಮುಟ್ಟಿ ಬೆಳೆದವರನ್ನು ಧನಿಯ ಕೃಪೆಗೆ ಬಿಟ್ಟಿತ್ತು. ಆಗ ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರಾದ ನಾರಾಯಣ ಮೇಘಾಜಿ ಲೋಖಂಡೆ, ‘ದೀನಬಂಧು’ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದವರು, ಗಿರಣಿಯ ಜನರನ್ನು ಕೂಡಿಸಿ ಒಂದು ಮನವಿ ಬರೆದರು. ಅದಕ್ಕೆ 5,500 ಮಂದಿ ಅಂಕಿತ ಹಾಕಿದರು. ಬೇಡಿಕೆಗಳೇನು? ವಾರಕ್ಕೊಂದು ದಿನ ಬಿಡುವು. ತಿಂಗಳ ಸಂಬಳ 15ನೆಯ ತಾರೀಖಿನೊಳಗೆ. ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ. ಮತ್ತು ನಡು ಹಗಲಲ್ಲಿ ಅರ್ಧ ಗಂಟೆಯ ವಿಶ್ರಾಂತಿ. ಅರ್ಧ ಗಂಟೆಗಾಗಿ ಐದೂವರೆ ಸಾವಿರ ಜನ ಅಂಕಿತ ಹಾಕಬೇಕಾಯಿತು! ಭಾನುವಾರದ ರಜೆಯನ್ನು ಮಾಲೀಕರು ಒಪ್ಪಿಕೊಳ್ಳುವಾಗ 1890ರ ಜೂನ್ ಬಂದಿತ್ತು. ಮಧ್ಯಾಹ್ನದ ಅರ್ಧ ಗಂಟೆ 1891ರ ಕಾಯಿದೆಯೊಳಗೆ ಸೇರಿತು.

ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆ ಇದನ್ನು ಇನ್ನೂ ಬಿಗಿಮಾಡಿತು. ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸಕೂಡದು, ನಡುವೆ ಅರ್ಧ ಗಂಟೆಯಾದರೂ ಬಿಡುವು ಕೊಡಲೇಬೇಕೆಂದು 55ನೆಯ ಕಲಮಿನಲ್ಲಿ ಬರೆಯಿತು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಐದು ಗಂಟೆಯ ದುಡಿಮೆಗೆ ಒಂದು ಗಂಟೆಯ ಬಿಡುವನ್ನೇ ಬರೆಯಿತು. ಬರೆದದ್ದೆಲ್ಲ ನಡೆಯಿತೆಂದು ಹೇಳುವಷ್ಟು ಮುಗ್ಧರು ನಾವಲ್ಲ. ಆದರೆ ಗಿರಣಿಯಲ್ಲಿ ಬಿಡುವಿನ ಗಂಟೆ ಬಾರಿಸದಿದ್ದರೆ ಕೇಳುವುದಕ್ಕೆ ಸಂಘವಿತ್ತು, ಇನ್ಸ್‌ಪೆಕ್ಟರರಿಗೆ ಬರೆಯಲು ವಿಳಾಸವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಗಂಟೆಯಾದಾಗ ಸಾವಿರ ಜನ ಒಟ್ಟಿಗೆ ಏಳುತ್ತಿದ್ದರು. ಒಬ್ಬನೇ ಎದ್ದರೆ ಅವನು ಮೈಗಳ್ಳ, ಸಾವಿರ ಜನ ಎದ್ದರೆ ಅದು ವಿರಾಮ. ಪಡಸಾಲೆಯಲ್ಲಿ ಕೂತ ಹುಡುಗನಿಗೆ ಆ ಸಾವಿರ ಜನ ಇಲ್ಲ.

ಅತ್ತ ಕಾಯಿದೆಯ ಕಾಗದವೂ ಬದಲಾಗಿದೆ. ಹಳೆಯ ಕಾರ್ಖಾನೆ ಕಾಯಿದೆಯನ್ನೂ ಇನ್ನು ಹನ್ನೆರಡು ಕಾಯಿದೆಗಳನ್ನೂ ಒಟ್ಟುಮಾಡಿದ 2020ರ ಸಂಹಿತೆಯನ್ನು ಕೇಂದ್ರ ಸರಕಾರ 2025ರ ನವೆಂಬರ್ 21ರಿಂದ ಜಾರಿಗೆ ತಂದಿತು. ದಿನಕ್ಕೆ ಎಂಟು ಗಂಟೆ ಎಂಬ ಮಾತು ಅದರಲ್ಲಿದೆ. ಆದರೆ ನಡುವಿನ ಬಿಡುವು ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಎಂಬುದನ್ನು ಸರಕಾರದ ಅಧಿಸೂಚನೆಗೆ ಬಿಟ್ಟಿದೆ. ಲೋಖಂಡೆಯವರ ಅರ್ಧ ಗಂಟೆ ಕಾಯಿದೆಯ ಮೈಯಿಂದ ಎದ್ದು ಅಧಿಕಾರಿಯ ಮೇಜಿಗೆ ಹೋಯಿತು. ಅಲ್ಲಿಂದ ಪಡಸಾಲೆಗೆ ದಾರಿ ಇನ್ನೂ ದೂರ.

ಕೂತು ದುಡಿಯುವುದರಿಂದ ರೋಗ ಬರುವುದೇ, ಅಥವಾ ಇದು ಈಗಿನ ಹುಡುಗರ ನಾಜೂಕೇ ಎಂದು ಕೆಲವು ಹಿರಿಯರು ಕೇಳುತ್ತಾರೆ. 1700ರಲ್ಲಿಯೇ ಇಟಲಿಯ ರಾಮಾಜ್ಜೀನಿ ಎಂಬ ವೈದ್ಯ, ಕಸುಬುದಾರರ ರೋಗಗಳನ್ನು ಕುರಿತ ಗ್ರಂಥದಲ್ಲಿ, ದಿನವಿಡೀ ಬಗ್ಗಿ ಕೂರುವ ದರ್ಜಿಗಳ, ಚಮ್ಮಾರರ ಬೆನ್ನು ಗೂನಾಗುವುದನ್ನೂ ಆರೋಗ್ಯ ಕೆಡುವುದನ್ನೂ ಬರೆದಿಟ್ಟ. ರಜಾದಿನಗಳಲ್ಲಾದರೂ ಇವರು ಮೈಗೆ ವ್ಯಾಯಾಮ ಕೊಡಲಿ ಎಂಬುದು ಅವನ ಸಲಹೆ. ರಜಾದಿನದಲ್ಲೇ ಏಕೆ? ಉಳಿದ ದಿನ ಎದ್ದರೆ ಅವರ ಅನ್ನ ಎದ್ದುಹೋಗುತ್ತದೆಂಬುದು ಆ ಪುಣ್ಯಾತ್ಮನಿಗೆ ಗೊತ್ತಿತ್ತೆಂದು ನಮಗೆ ತೋರುತ್ತದೆ.

ಇದಕ್ಕಿಂತ ನಮಗೆ ಹತ್ತಿರದ್ದು ಲಂಡನ್ನಿನ ಬಸ್ಸುಗಳ ಕಥೆ. ಅಲ್ಲಿಯ ಜೆರ್ರಿ ಮಾರಿಸ್ ಎಂಬ ವೈದ್ಯರೂ ಸಂಗಡಿಗರೂ ನಗರ ಸಾರಿಗೆಯ ಸುಮಾರು 31,000 ನೌಕರರ ಕಾಯಿಲೆಯ ದಾಖಲೆಗಳನ್ನು ಹಿಡಿದು ಕೂತರು. ಡ್ರೈವರೂ ಕಂಡಕ್ಟರೂ ಒಂದೇ ಬಸ್ಸಿನವರು, ಹೆಚ್ಚುಕಡಿಮೆ ಒಂದೇ ಬಗೆಯ ಮನೆಗಳಿಂದ ಬಂದವರು. ಡ್ರೈವರ್ ಪಾಳಿಯುದ್ದಕ್ಕೂ ಕೂತಿರುತ್ತಾನೆ; ಎರಡಂತಸ್ತಿನ ಬಸ್ಸಿನ ಕಂಡಕ್ಟರ್ ಟಿಕೆಟು ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. 1953ರಲ್ಲಿ ಪ್ರಕಟವಾದ ಫಲಿತಾಂಶ: ಹೃದಯದ ಕಾಯಿಲೆ ಕಂಡಕ್ಟರರಲ್ಲಿ ಕಡಿಮೆ, ಬಂದರೂ ತಡವಾಗಿ, ಸಾವೂ ಕಡಿಮೆ. ಮಾರಿಸರ ಪ್ರಾಮಾಣಿಕತೆಯನ್ನು ಇಲ್ಲಿ ಹೇಳಬೇಕು. ಡ್ರೈವರುಗಳು ಮೊದಲಿನಿಂದಲೂ ದಪ್ಪಗಿನವರೇ ಇದ್ದಿರಬಹುದಲ್ಲ ಎಂಬ ಸಂಶಯಕ್ಕೆ ಅವರ ತಂಡ ಸಮವಸ್ತ್ರದ ದಫ್ತರುಗಳನ್ನು ತೆಗೆಸಿ ಷರಾಯಿಯ ಸೊಂಟದ ಅಳತೆ ನೋಡಿತು. ಡ್ರೈವರುಗಳ ಸೊಂಟ ನಿಜವಾಗಿಯೂ ದೊಡ್ಡದಿತ್ತು. ಅದನ್ನೂ 1956ರಲ್ಲಿ ಮುಚ್ಚಿಡದೆ ಅಚ್ಚುಹಾಕಿದರು. ಬಳಿಕ ಬೇರೆ ಬೇರೆ ಕಸುಬುಗಳಲ್ಲಿ ನಡೆದ ಪರೀಕ್ಷೆಗಳು, ಮೈಯಾಡಿಸುವವನ ಹೃದಯಕ್ಕೆ ಕಾವಲು ಹೆಚ್ಚೆಂಬುದನ್ನೇ ಹೇಳಿದವು.

ಗಂಟೆಗೊಮ್ಮೆ ಏಳುವುದರಿಂದ ಏನಾದೀತು ಎಂಬುದಕ್ಕೂ ಉತ್ತರ ಬರತೊಡಗಿದೆ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅರ್ಧ ಗಂಟೆಗೊಮ್ಮೆ ಐದು ನಿಮಿಷ ನಿಧಾನವಾಗಿ ನಡೆದವರಲ್ಲಿ ಊಟದ ಮೇಲೆ ಏರುವ ಸಕ್ಕರೆ, ಎಂಟು ಗಂಟೆ ಕೂತೇ ಇದ್ದ ದಿನಕ್ಕಿಂತ ಅರ್ಧಕ್ಕೂ ಹೆಚ್ಚು ತಗ್ಗಿತ್ತು. ಪರೀಕ್ಷೆಗೆ ಒಳಗಾದವರು ಹನ್ನೊಂದೇ ಮಂದಿ. ಅಷ್ಟರ ಮೇಲೆ ಗೋಪುರ ಕಟ್ಟಬಾರದು. ಆದರೆ ನಮ್ಮ ಹುಡುಗನ ಡಾಕ್ಟರರು ಹೇಳಿದ್ದೂ ಅದನ್ನೇ.

ಇನ್ನು ಹೊತ್ತಿನ ಉದ್ದ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ 2021ರಲ್ಲಿ ಕೊಟ್ಟ ವರದಿ ಹೀಗೆ ಹೇಳಿತು: ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಗಂಟೆಗೂ ಮೀರಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ನೂರಕ್ಕೆ 35ರಷ್ಟು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ನೂರಕ್ಕೆ 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಈ ಕಾರಣದಿಂದ ಲೋಕದಲ್ಲಿ ಸತ್ತವರು 7,45,000 ಎಂದು ಅಂದಾಜು. ಇದು ಪ್ರಕಟವಾದ ಮೇಲೆಯೇ, 2023ರ ಅಕ್ಟೋಬರಿನಲ್ಲಿ, ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು ನಮ್ಮ ತರುಣರಿಗೆ ವಾರಕ್ಕೆ 70 ಗಂಟೆಯ ಉಪದೇಶ ಮಾಡಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ ಬಾಯಿಂದ 90 ಗಂಟೆಯ ಮಾತು ಬಂತು. ಹರಾಜಿನಲ್ಲಿ ಸವಾಲು ಕೂಗಿದ ಹಾಗೆ! ನಮ್ಮ ರಾಜ್ಯದಲ್ಲೇ 2024ರ ಜುಲೈಯಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾಪ ಎದ್ದಾಗ ಐಟಿ ನೌಕರರ ಸಂಘ ಅದನ್ನು ಬಲವಾಗಿ ಎದುರಿಸಿತು. ಕಂಪ್ಯೂಟರಿನವರಿಗೆ ಸಂಘ ಹತ್ತುವುದಿಲ್ಲ ಎನ್ನುತ್ತಿದ್ದ ನಮ್ಮ ಕೆಲವು ಗೆಳೆಯರು ಅದನ್ನು ಗಮನಿಸಬೇಕು.

ಸರಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಕೇಂದ್ರದ ಆಯುಷ್ ಇಲಾಖೆ 2021ರ ಸೆಪ್ಟೆಂಬರಿನಲ್ಲಿ ‘ವೈ-ಬ್ರೇಕ್’ ಎಂಬ ಐದು ನಿಮಿಷದ ಯೋಗವಿರಾಮವನ್ನು ಮೊಬೈಲಿನೊಳಗೆ ಹಾಕಿ ಬಿಡುಗಡೆ ಮಾಡಿತು. ಕುರ್ಚಿಯ ಬಳಿಯೇ ತೋಳು ಎತ್ತುವುದು, ಸೊಂಟ ತಿರುಗಿಸುವುದು, ಉಸಿರಾಟ, ಒಂದಿಷ್ಟು ಧ್ಯಾನ. ಕೇಂದ್ರ ನೌಕರರು ಇದನ್ನು ಬಳಸುವಂತೆ ಉತ್ತೇಜನ ಕೊಡಿರೆಂದು ಇಲಾಖೆಗಳಿಗೆ ಸುತ್ತೋಲೆಯೂ ಹೋಯಿತು. ನಾವೂ ಮಾಡಿ ನೋಡಿದೆವು. ಕತ್ತಿನ ಬಿಗಿ ಸಡಿಲವಾದದ್ದು ಸುಳ್ಳಲ್ಲ. ಆದರೆ ಸುತ್ತೋಲೆ ಸರಕಾರದ ಕಚೇರಿಯವರಿಗೆ. ಖಾಸಗಿ ಕಂಪನಿಯ ಹುಡುಗ ಆ ಐದು ನಿಮಿಷದ ಯೋಗ ಮಾಡಲೆದ್ದರೆ ಬೊಟ್ಟು ಹಳದಿಯಾಗುತ್ತದೆ. ಹೇಗೆ ಏಳಬೇಕೆಂದು ಸರಕಾರ ಕಲಿಸಿತು. ಏಳಲು ಬಿಡಬೇಕೆಂದು ಧನಿಗೆ ಹೇಳಲಿಲ್ಲ.

ನಾವು ಶಾಲೆಯಲ್ಲಿದ್ದಾಗ ಮಕ್ಕಳು ಒಂದೇ ಪಾಠಕ್ಕೆ ನಲವತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾರರೆಂದು ವೇಳಾಪಟ್ಟಿಯಿತ್ತು, ಗಂಟೆಯಿತ್ತು, ಡ್ರಿಲ್ ಪಿರಿಯಡ್ ಇತ್ತು. ಪರೀಕ್ಷೆ ಹತ್ತಿರ ಬಂದಾಗ ಆ ಡ್ರಿಲ್ ಪಿರಿಯಡನ್ನು ನುಂಗಿ ಗಣಿತ ಮಾಡಿಸಿದ ಪಾಪವೂ ನಮ್ಮ ತಲೆಯ ಮೇಲಿದೆ. ಗಣಿತವೇನೂ ಹೆಚ್ಚು ಹತ್ತಲಿಲ್ಲ. ಮಕ್ಕಳು ಕಿಟಕಿ ನೋಡುತ್ತ ಕೂತವು. ವೇಳಾಪಟ್ಟಿಯಲ್ಲಿ ಅಚ್ಚಾದ ಬಿಡುವನ್ನೇ ಮೇಷ್ಟ್ರಾದ ನಾವು ಅಷ್ಟು ಸುಲಭವಾಗಿ ಕದ್ದಿರುವಾಗ, ಎಲ್ಲಿಯೂ ಬರೆದಿಲ್ಲದ ಬಿಡುವನ್ನು ಧನಿ ಉಳಿಸಿಕೊಡುವನೇ?

ಮನೆಯಲ್ಲಿ ಕೂತು ದುಡಿಯುವವರು ಕಂಪ್ಯೂಟರಿನವರೇ ಎಂದು ತಿಳಿಯಬೇಡಿ. ಅವರು ಬಂದದ್ದು ನಿನ್ನೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮನೆ ಮನೆಯ ಜಗಲಿಯಲ್ಲಿ ಹೆಂಗಸರು ತಲೆಮಾರುಗಳಿಂದ ಬೀಡಿ ಕಟ್ಟಿದ್ದಾರೆ. ನಮ್ಮ ಊರಿನ ಓಣಿಗಳಲ್ಲೂ ಕಟ್ಟುವವರಿದ್ದಾರೆ. ತೊಡೆಯ ಮೇಲೆ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಕತ್ತು ಬಗ್ಗಿಸಿ ಕೂತರೆ ಲೆಕ್ಕ ತುಂಬುವವರೆಗೆ ಏಳುವಂತಿಲ್ಲ, ಏಕೆಂದರೆ ಮಜೂರಿ ಸಾವಿರಕ್ಕಿಷ್ಟು ಎಂದು. ಅವಳಿಗೆ ಹಳದಿ ಬೊಟ್ಟು ಬೇಡ; ಸಾವಿರದ ಲೆಕ್ಕವೇ ಅವಳ ಜಾಬರ್. 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತು, ಅದು ದೊಡ್ಡ ಗೆಲುವು. ಆದರೆ ದುಡಿಮೆಯ ಹೊತ್ತು, ನಡುವಿನ ಬಿಡುವು ಎಂಬ ಕಲಮುಗಳನ್ನು ಧನಿಯ ಆವರಣದೊಳಗೆ ದುಡಿಯುವವರಿಗಾಗಿ ಬರೆದಿದ್ದರು. ಜಗಲಿ ಆವರಣವಲ್ಲವಲ್ಲ! ಮನೆಯಲ್ಲಿ ದುಡಿಯುವವರಿಗೂ ಆರೋಗ್ಯದ ಅದೇ ರಕ್ಷಣೆ ಸಿಗಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೆಯ ಒಪ್ಪಂದ ಮಾಡಿತು. ಭಾರತ ಸರಕಾರ ಅದಕ್ಕೆ ಅಂಕಿತ ಹಾಕಿಲ್ಲ. ಕಂಪ್ಯೂಟರಿನ ಹುಡುಗನಿಗೆ ಇಂದು ಆದದ್ದು ಬೀಡಿ ಕಟ್ಟುವ ಅಕ್ಕನಿಗೆ ಎಂದೋ ಆಗಿದೆ. ಅವಳ ಮಾತನ್ನು ಅಂದೇ ಕೇಳಿದ್ದರೆ ಇವನಿಗೆ ದಾರಿ ಸಿದ್ಧವಾಗಿರುತ್ತಿತ್ತು.

ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತು. ಮನೆಯಿಂದ ದುಡಿಯುವ ಗಂಡಸು ಎದ್ದರೆ ಅದು ಬಿಡುವು. ಹೆಂಗಸು ಎದ್ದರೆ ಒಲೆಯ ಮೇಲಿನ ಹಾಲು, ನಲ್ಲಿಯ ನೀರು, ಅತ್ತೆಯ ಗುಳಿಗೆ, ಮಗುವಿನ ಮೂಗು. ‘ಅವಳಿಗೆ ಓಡಾಟ ಆಗುತ್ತಲ್ಲ, ವ್ಯಾಯಾಮ ಇನ್ನೇಕೆ?’ ಎಂದು ಕೇಳುವ ಗಂಡಂದಿರು ನಮ್ಮ ಪಕ್ಷದಲ್ಲೂ ಇದ್ದಾರೆ. ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಓಡುವುದನ್ನು ವಿರಾಮವೆಂದು ಯಾವ ಗಿರಣಿಯಲ್ಲಾದರೂ ನೀವು ಒಪ್ಪಿದ್ದಿರಾ?

ಈಗ ದುಡ್ಡಿನ ಮಾತಿಗೆ ಬರೋಣ. ವರ್ತಕ ಬಂಧುಗಳಿಗೆ ಇದು ಬೇಗ ಹತ್ತುತ್ತದೆ. ಗಂಟೆಗೆ ಐದು ನಿಮಿಷವೆಂದರೆ ಹನ್ನೆರಡರಲ್ಲಿ ಒಂದು ಪಾಲು, ರೂಪಾಯಿಗೆ ಎಂಟು ಪೈಸೆ ಚಿಲ್ಲರೆ. ಎಂಟು ಗಂಟೆಗೆ ನಲವತ್ತು ನಿಮಿಷ. ‘ಅಷ್ಟು ನಷ್ಟ ಹೊರುವುದು ಹೇಗೆ?’ ಎಂದು ಕಂಪನಿ ಕೇಳಬಹುದು. ಒಂದು ಅಂಗಡಿಯ ಬಾಡಿಗೆ, ದೀಪ, ಫ್ಯಾನು, ಕುರ್ಚಿ, ಕಸಗುಡಿಸುವವರ ಸಂಬಳ, ಕುಡಿಯುವ ನೀರು, ಇವೆಲ್ಲ ತಿಂಗಳಿಗೆ ಎಷ್ಟು ಬೀಳುತ್ತವೆಂದು ನಿಮಗೆ ಗೊತ್ತು. ಮನೆಯಿಂದ ದುಡಿಸಿಕೊಳ್ಳುವ ಕಂಪನಿಗೆ ಇವುಗಳಲ್ಲಿ ಬಹುಪಾಲು ಉಳಿಯಿತು. ಉಳಿದದ್ದು ಗಿರಣಿಯ ಮುದುಕನ ಮನೆಯ ಕರೆಂಟು ಬಿಲ್ಲಿಗೆ ಏರಿತು. ಅವನ ಪಡಸಾಲೆ ಈಗ ಬಾಡಿಗೆ ಕೊಡದ ಬಾಡಿಗೆದಾರನ ಕೈಯಲ್ಲಿದೆ. ನಾವು ಕೇಳುತ್ತಿರುವ ನಲವತ್ತು ನಿಮಿಷ ಆ ಬಾಡಿಗೆಯ ಒಂದು ಕಂತೂ ಆಗಲಾರದು.

ವರ್ತಕ ಬಂಧುಗಳನ್ನು ಹೊಗಳಿ ಬಿಟ್ಟುಬಿಡುವುದೂ ಸರಿಯಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೂರುವ ನೀವೂ ಈ ರೋಗಕ್ಕೆ ಹೊರತಲ್ಲ. ನಿಮ್ಮನ್ನು ಏಳಬೇಡವೆನ್ನುವ ಧನಿ ಮಾತ್ರ ಇಲ್ಲ, ಗಿರಾಕಿ ಇಲ್ಲದ ಹೊತ್ತಿಗೆ ಎದ್ದು ಬೀದಿಯ ತುದಿಗೊಮ್ಮೆ ಹೋಗಿಬನ್ನಿ. ಆದರೆ ನಿಮ್ಮ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹುಡುಗಿಗೆ ಒಂದು ಸ್ಟೂಲು ಇದೆಯೇ? ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು; ಕೋಳಿಕ್ಕೋಡಿನ ಮಿಠಾಯಿ ಬೀದಿಯ ಪಿ. ವಿಜಿಯವರು ಅದರ ಮುಂದಾಳುಗಳಲ್ಲೊಬ್ಬರು. 2018ರಲ್ಲಿ ಅಲ್ಲಿ ಕಾಯಿದೆಗೆ ತಿದ್ದುಪಡಿ ಬಂತು, 2021ರಲ್ಲಿ ತಮಿಳುನಾಡೂ ಮಾಡಿತು. ನಿಂತವಳು ಕೂರಲು ಕೇಳಿದಳು, ಕೂತವನು ನಿಲ್ಲಲು ಕೇಳುತ್ತಿದ್ದಾನೆ. ಬೇಡಿಕೆ ಒಂದೇ: ಮೈ ನಮ್ಮದು, ಅದನ್ನು ಕದಲಿಸುವ ಹೊತ್ತು ನಮಗೆ ಬಿಡಿ.

ಹಾಗೆಂದು ಅಪ್ಪಣೆಯ ಕವಾಯತು ನಮಗೆ ಬೇಡ. ಜಪಾನಿನಲ್ಲಿ 1928ರಿಂದ ರೇಡಿಯೋ ವ್ಯಾಯಾಮವಿತ್ತು. ಯುದ್ಧದ ಕಾಲದಲ್ಲಿ ಜನರನ್ನು ಒಂದೇ ಎರಕಕ್ಕೆ ಹೊಯ್ಯಲು ಸರಕಾರ ಅದನ್ನು ಬಳಸಿಕೊಂಡಿತು. ಯುದ್ಧ ಸೋತ ಮೇಲೆ ಅದು ನಿಂತು, 1951ರಲ್ಲಿ ಹೊಸ ರೂಪದಲ್ಲಿ ಬಂತು. ನಮ್ಮ ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಸೇವಾದಳ ಕಟ್ಟಿ ತರುಣರಿಗೆ ಕವಾಯತು ಕಲಿಸಿದ್ದೂ ಇದೆ. ಅಲ್ಲಿಗೆ ಹೋದವರು ತಾವಾಗಿ ಹೋದರು. ಆ ವ್ಯತ್ಯಾಸವನ್ನು ನೆನಪಿಡಬೇಕು. ಕ್ಯಾಮರದ ಮುಂದೆ ಇಡೀ ತಂಡವನ್ನು ನಿಲ್ಲಿಸಿ ಕೈ ಎತ್ತಿಸಿ, ಅದರ ಹಾಜರಿ ತೆಗೆದು, ಹೆಚ್ಚು ನಡೆದವನಿಗೆ ಬಹುಮಾನ ಕೊಡುವ ಕಂಪನಿಗಳಿವೆಯಂತೆ. ಐದು ನಿಮಿಷ ಕಾರ್ಮಿಕನದು. ಅವನು ದಂಡ ಹೊಡೆಯಲಿ, ನಡೆಯಲಿ, ಬೇವಿನ ಮರದ ಕೆಳಗೆ ಸುಮ್ಮನೆ ನಿಲ್ಲಲಿ.

ನಮ್ಮ ಬೇಡಿಕೆಯನ್ನು ಬಿಡಿಸಿ ಹೇಳುವುದಾದರೆ, ಮನೆಯಿಂದ ದುಡಿಯುವ ಪ್ರತಿಯೊಬ್ಬರಿಗೂ ಊಟದ ಬಿಡುವಲ್ಲದೆ ಗಂಟೆಗೆ ಐದು ನಿಮಿಷ, ಸಂಬಳದ ಹೊತ್ತಿನೊಳಗೇ ಸೇರಬೇಕು. ರಾಜ್ಯ ಸರಕಾರ ಅದನ್ನು ನಿಯಮದಲ್ಲಿ ಬರೆಯಬೇಕು. ಕಂಪ್ಯೂಟರಿನ ಪರದೆಯ ಮುಂದೆ ದುಡಿಯುವವರ ಕೆಲಸವನ್ನು ನಡುನಡುವೆ ಬಿಡುವು ಬರುವಂತೆ ಧನಿಯೇ ಏರ್ಪಡಿಸಬೇಕೆಂದು ಯುರೋಪಿನ ರಾಷ್ಟ್ರಗಳು 1990ರಲ್ಲೇ ನಿರ್ದೇಶನ ಮಾಡಿಕೊಂಡವು, ಇದೇನೂ ಗಗನಕುಸುಮವಲ್ಲ. ಆ ಐದು ನಿಮಿಷದಲ್ಲಿ ಬೊಟ್ಟು ಹಳದಿಯಾದದ್ದಕ್ಕೆ ಯಾರನ್ನೂ ಕೇಳುವಂತಿರಬಾರದು. ಬೀಡಿ ಕಟ್ಟುವ, ಬಟ್ಟೆ ಹೊಲಿಯುವ, ಊದುಬತ್ತಿ ಹೊಸೆಯುವ ಅಕ್ಕಂದಿರಿಗೆ ಗಂಟೆಯ ಲೆಕ್ಕವಿಲ್ಲವಾದ್ದರಿಂದ ಬಿಡುವಿನ ಹೊತ್ತನ್ನು ದರದಲ್ಲೇ ಸೇರಿಸಬೇಕು. ಸಾವಿರಕ್ಕೆ ದರ ಕಟ್ಟುವಾಗ, ಎದ್ದು ಬೆನ್ನು ನೆಟ್ಟಗೆ ಮಾಡಿಕೊಳ್ಳುವ ನಿಮಿಷಗಳನ್ನೂ ಎಣಿಸಿ ಕಟ್ಟಿರಿ.

ಕಾಯಿದೆ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಇಲ್ಲಿ ಕೂರುವುದೇ ರೋಗವಲ್ಲವೇ. ಗಂಟೆಗೊಮ್ಮೆ ಎದ್ದು ಓಣಿಯ ತುದಿಗೆ ಹೋಗಿಬನ್ನಿ. ಮಳೆಯಿದ್ದರೆ ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಭುಜ ತಿರುಗಿಸಿ, ದೂರದ ಮರವೊಂದನ್ನು ನೋಡಿ ಕಣ್ಣಿಗೆ ಬಿಡುವು ಕೊಡಿ. ಬೀಡಿಯವರು ಬೆರಳುಗಳನ್ನು ಅಗಲಿಸಿ ಮುಚ್ಚಿ, ಕತ್ತನ್ನು ನಿಧಾನವಾಗಿ ಎರಡೂ ಕಡೆ ಹೊರಳಿಸಲಿ. ಎದೆನೋವು, ತಲೆಸುತ್ತು ಇರುವವರು, ಒಂದೇ ಕಾಲು ಬಾತು ನೋಯುವವರು ಡಾಕ್ಟರರನ್ನು ಕೇಳದೆ ಏನೂ ಮಾಡಬೇಡಿ. ಗರಡಿಮನೆಯ ಹುಡುಗರು ನಗುವಂಥ ವ್ಯಾಯಾಮವಿದು, ನಗಲಿ.

ಒಬ್ಬೊಬ್ಬರೇ ಎದ್ದರೆ ನಾಲ್ಕು ದಿನಕ್ಕೆ ನಿಲ್ಲುತ್ತದೆಂದು ನಮ್ಮ ಹಿರಿಯರೇ ಒಂದು ಉಪಾಯ ಮಾಡಿದರು. ಗಿರಣಿ ಸಂಘದ ಹಳೆಯ ಜಾಗಟೆಯನ್ನು ಅಟ್ಟದಿಂದ ಇಳಿಸಿ ತಮ್ಮ ಮನೆಯ ಜಗಲಿಗೆ ತೂಗುಹಾಕಿ, ಸೋಮವಾರದಿಂದ ಬೆಳಿಗ್ಗೆ ಹನ್ನೊಂದಕ್ಕೂ ಸಂಜೆ ನಾಲ್ಕಕ್ಕೂ ಬಾರಿಸುತ್ತಿದ್ದಾರೆ. ಮೊದಲ ದಿನ ಅವರ ಮಗ, ಎದುರು ಮನೆಯ ಒಬ್ಬ ಹುಡುಗ, ಮೂಲೆಯ ಕಿರಾಣಿ ಅಂಗಡಿಯವರು, ಜೊತೆಗೆ ಏನಾಯಿತೆಂದು ನೋಡಲು ಬಂದ ಮಕ್ಕಳು. ಎರಡನೆಯ ದಿನ ಒಂಬತ್ತು ಜನ. ಮಗನ ಮೇಲಿನವರಿಂದ ಮತ್ತೊಮ್ಮೆ ಫೋನು ಬಂತು. ಡಾಕ್ಟರರ ಚೀಟಿಯನ್ನು ಕಳಿಸಿ, ಉತ್ತರವನ್ನು ಬರಹದಲ್ಲಿ ಕೊಡಿರೆಂದು ಕೇಳು ಎಂದು ನಾವು ಹೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಬೀಡಿ ಕಟ್ಟುವವರು ಎರಡು ದಿನ ಬಾಗಿಲಿಂದಲೇ ನೋಡಿದರು. ಮೂರನೆಯ ದಿನ ಒಬ್ಬ ತಾಯಿ ಕತ್ತರಿ ಕೈಯಲ್ಲಿ ಹಿಡಿದೇ ಹೊರಗೆ ಬಂದು, ಬೆನ್ನಿಗೆ ಕೈಯೂರಿ ನಿಂತು, “ಚೆನ್ನಾಗೈತೆ ಮೇಷ್ಟ್ರೇ. ಈ ಹೊತ್ತಿನ ಮಜೂರಿ ಯಾರು ಕೊಡ್ತಾರೆ?” ಎಂದು ಕೇಳಿದರು.

ಬರುವ ಭಾನುವಾರ ಸಂಜೆ ಐದಕ್ಕೆ ಸಂಘದ ಕಚೇರಿಯಲ್ಲಿ ಅದನ್ನೇ ಮಾತಾಡಲು ಸಭೆ ಕರೆದಿದ್ದೇವೆ. ಮನೆಯಿಂದ ದುಡಿಯುವವರು ಯಾರೇ ಆಗಲಿ ಬರಬೇಕು. ಕಂಪ್ಯೂಟರಿನವರು ನೇಮಕದ ಕಾಗದವನ್ನೂ, ಬೀಡಿ ಮತ್ತು ಹೊಲಿಗೆಯವರು ಮಜೂರಿ ಬರೆದ ಪುಸ್ತಕವನ್ನೂ ತರಲಿ. ಮಕ್ಕಳನ್ನು ನೋಡಿಕೊಳ್ಳಲು ಅಂದು ಗಂಡಸರಿಬ್ಬರನ್ನು ಕಚೇರಿಯ ಅಂಗಳದಲ್ಲಿ ನೇಮಿಸಿದೆ.